ಹಳದಿ ಪಟ್ಟಿ ಯಾರದು

ಲುವೈಬ್ದೆ ಗುಡ್ಡ, ಅಮ್ಮಾನ್
ಶನಿವಾರ, ಮಾರ್ಚ್ ೨೮, ೧೯೮೭

ನನ್ನ ಬದ್ರಿಯೆ ಅಕ್ಕನಿಗೆ,

ನಿನ್ನ ಇನ್ಸಾಫಳ ಸಲಾಮು. ಮಂಡಿನೋವು ಹೇಗಿದೆ? ಭಾವ ಸಿಗರೇಟು ನಿಜವಾಗಿ ಬಿಟ್ಟರೋ, ಅಥವಾ ಬಿಟ್ಟೆನೆಂದು ನಿನಗೆ ಹೇಳಿ ಮಾಳಿಗೆ ಹತ್ತಿ ಸೇದುತ್ತಿದ್ದಾರೋ? ಇರ್ಬಿದ್ ಬಸ್ಸಿನವನ ಕೈಲಿ ನೀನು ಕಳಿಸಿದ ಆಲಿವ್ ಉಪ್ಪಿನಕಾಯಿ ತಲುಪಿತು. ಮುಚ್ಚಳ ಬಿಗಿಯಾಗಿರಲಿಲ್ಲ, ಅವನ ಸೀಟಿಗೆಲ್ಲ ಎಣ್ಣೆ. ಅವನು ನಿನಗೆ ಬಯ್ಯಬೇಕಾದದ್ದನ್ನೆಲ್ಲ ನನಗೆ ಬೈದ, ನಾನು ತಲೆ ತಗ್ಗಿಸಿ ಬೈಸಿಕೊಂಡೆ.

ಕುಶಲ ಕೇಳಿದ್ದು ಇಷ್ಟು ಸಾಕು. ಅಕ್ಕ, ನಾನೊಂದು ಎಡವಟ್ಟು ಮಾಡಿಕೊಂಡಿದ್ದೇನೆ. ನನ್ನಿಂದ ಒಂದು ಮದುವೆ ಮುರಿಯುವಂತಿದೆ. ನಿನ್ನೆಯಿಂದ ಊಟ ಸೇರುತ್ತಿಲ್ಲ, ಕುಂಚ ಮುಟ್ಟುವ ಮನಸ್ಸಂತೂ ಇಲ್ಲವೇ ಇಲ್ಲ. ನೀನೇ ಏನಾದರೂ ದಾರಿ ಹೇಳಬೇಕು.

ನಾವು ಬಿಟ್ಟುಬಂದ ಊರು ಐನ್ ಸುಮ್ಮಾಕಿನವರೆಲ್ಲ ಸೇರಿ ಅಶ್ರಫಿಯೆ ಗುಡ್ಡದ ಮೇಲೆ ಕಟ್ಟಿಸಿಕೊಂಡ ಮದಾಫ ನಿನಗೆ ಗೊತ್ತಲ್ಲ. ಮದುವೆಗೂ ಸಾವಿಗೂ ಪಂಚಾಯಿತಿಗೂ ಅದೇ ಹಜಾರ. ಗೊತ್ತೇನು ಬಂತು, ನೀನು ಒಂದು ಸಲವಾದರೂ ಅಲ್ಲಿಗೆ ಬಂದಿದ್ದರೆ ತಾನೇ? ಪ್ರತಿ ಸಲವೂ ಒಂದು ನೆಪ, ಒಮ್ಮೆ ಮಂಡಿ, ಒಮ್ಮೆ ಬಸ್ಸು. ಈ ಚಳಿಗಾಲದಲ್ಲಿ ಅಲ್ಲಿ ಗೋಡೆಗೆ ಸುಣ್ಣ ಬಳಿಸಿದರು. ಒಂದು ಗೋಡೆ ಬೋಳಾಗಿ ಕಾಣುತ್ತದೆಂದು ಸಮಿತಿಯ ಮೂವರು ನನ್ನ ಕೋಣೆಗೆ ಬಂದು, ನೀವು ನಮ್ಮೂರ ಮಗಳು, ನಿಮ್ಮದೊಂದು ಚಿತ್ರ ಬೇಕು ಎಂದರು. ನಾನು ಏನು ಕೊಟ್ಟೆ ಗೊತ್ತೇ? ಎರಡು ಪ್ರದರ್ಶನಗಳಲ್ಲಿಟ್ಟರೂ ಯಾರೂ ಕೊಳ್ಳದೆ ಬಾಗಿಲ ಹಿಂದೆ ಒರಗಿದ್ದ ದೊಡ್ಡದನ್ನು ಕೊಟ್ಟೆ. ಕೊಡುವಾಗ ಮುಖ ಮಾತ್ರ ದಾನಶೂರೆಯದಾಗಿತ್ತು.

ಅದರಲ್ಲಿ ಏನಿದೆಯೆಂದರೆ ಏನೂ ಇಲ್ಲ. ನನ್ನ ಎಲ್ಲ ಚಿತ್ರಗಳ ಹಾಗೆಯೇ ಚೌಕಗಳು. ಬಿಳಿಯವು, ಮಣ್ಣಿನ ಬಣ್ಣದವು, ಮೂಲೆಯಲ್ಲೊಂದು ಹಸಿರು, ನಡುವೆ ಓರೆಯಾಗಿ ಒಂದು ಹಳದಿ ಪಟ್ಟಿ. ಆ ಪಟ್ಟಿಯ ಕಥೆ ಹೇಳುತ್ತೇನೆ, ನಗಬೇಡ. ನಾನು ಮೊದಲು ಇಡೀ ಬಟ್ಟೆಗೆ ಹಳದಿ ಬಳಿದು, ಒಣಗಿದ ಮೇಲೆ ಉಳಿದ ಬಣ್ಣಗಳಿಂದ ಅದನ್ನು ಮುಚ್ಚುತ್ತ ಬರುತ್ತೇನೆ. ಆ ಸಲ ಬಿಳಿ ಬಣ್ಣ ಮುಗಿದುಹೋಯಿತು. ಪೇಟೆಯಲ್ಲೂ ಸಿಗಲಿಲ್ಲ, ಹಡಗು ಬಂದಿಲ್ಲ ಎಂದರು. ಮುಚ್ಚದೆ ಉಳಿದ ಜಾಗ ಹಾಗೆಯೇ ಉಳಿಯಿತು. ನೋಡಿದರೆ ಚೆನ್ನಾಗಿಯೇ ಕಾಣಿಸಿತು, ಬಿಟ್ಟೆ. ಅಷ್ಟೇ ಅದರ ಚರಿತ್ರೆ.

ಚಿತ್ರ ತೂಗುಹಾಕಿದ ದಿನ ಹಾಜಿ ದೀಬ್ ಕೋಲೂರಿಕೊಂಡು ಅದರ ಮುಂದೆ ಬಂದು ನಿಂತರು. ಎಂಬತ್ತು ದಾಟಿದರೂ ಊರಿಗೆ ಈಗಲೂ ಅವರೇ ಹಿರಿಯರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೂಗಿದರು, "ಏ ನಾಯಿಫ್, ಬಾರೋ ಇಲ್ಲಿ. ಇದು ನಮ್ಮ ಕಣ ಅಲ್ವೇನೋ?"

ನಾಯಿಫ್ ಅಂದರೆ ಉಮ್ಮು ನಾಯಿಫರ ಮಗ, ಈಗ ಪೈಪು ನಲ್ಲಿ ಮಾರುವ ಅಂಗಡಿ ಇಟ್ಟಿದ್ದಾನೆ. ಅವನು ಬಂದು ನೋಡಿ, "ಹಾಜಿ, ಇದು ಬರೀ ಚೌಕ" ಎಂದ.

"ಚೌಕಾನೇ ಕಣೋ. ಕಣ ಏನು ನಿಮ್ಮಪ್ಪನ ಕಾಲ್ದಲ್ಲಿ ಗುಂಡಗಿತ್ತಾ? ಇಲ್ನೋಡು, ಇದು ಮಸೀದಿ. ಇದು ರೊಟ್ಟಿ ಒಲೆ. ಇಕೋ, ಇಲ್ಲಿ ಸುಮ್ಮಾಕ್ ಗಿಡ."

ಅಷ್ಟೇ ಸಾಕಾಯಿತು. ಹಜಾರದಲ್ಲಿದ್ದವರೆಲ್ಲ ಎದ್ದು ಬಂದರು. ಒಬ್ಬ ತನ್ನ ಮಾವನ ಮನೆ ಕಂಡ, ಇನ್ನೊಬ್ಬ ತಾನು ಬಿದ್ದು ಕೈ ಮುರಿದುಕೊಂಡ ಮೆಟ್ಟಿಲು ಕಂಡ. ಹಾಜಿ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು. "ಮಗಾ, ಊರು ಬಿಟ್ಟಾಗ ನೀನು ನಾಲ್ಕು ವರ್ಷದ ಕೂಸು. ಹೆಂಗೆ ನೆನಪಿಟ್ಕೊಂಡೆ ಇದನ್ನೆಲ್ಲ?"

"ನೆನಪಿದೆ ಹಾಜಿ" ಎಂದುಬಿಟ್ಟೆ.

ಬೇರೆ ಯಾರಾದರೂ ಕೇಳಿದರೆ ಮುದುಕನ ಕಣ್ಣೀರು ನೋಡಿ ಕರುಣೆಯಿಂದ ಹೇಳಿದೆ ಎನ್ನುತ್ತೇನೆ. ನಿನಗೆ ಸುಳ್ಳು ಹೇಳಲಾರೆ. ಬೈರೂತಿನ ಹನ್ನೊಂದು ವರ್ಷ ನನಗೆ ಬಿದ್ದ ಮಾತು ನಿನಗೆ ಗೊತ್ತು. ಚಳವಳಿಯ ಕಚೇರಿಯಲ್ಲಿ ಭಿತ್ತಿಪತ್ರ ಬರೆ ಎನ್ನುತ್ತಿದ್ದರು, ಬಿಟ್ಟುಬಂದ ಮನೆಯ ಬೀಗದ ಕೈ ಬರೆ, ಕುದುರೆ ಬರೆ, ಕೋವಿ ಹಿಡಿದ ತಾಯಿಯನ್ನು ಬರೆ. ನಾನು ಬರೆದ ಕುದುರೆ ಆಡಿನಂತೆ ಕಾಣುತ್ತಿತ್ತು. ನನ್ನ ಚೌಕಗಳನ್ನು ನೋಡಿ, ಇದರಲ್ಲಿ ಫಲಸ್ತೀನ್ ಎಲ್ಲಿದೆಯಮ್ಮಾ ಎಂದು ಕೇಳದವರಿಲ್ಲ. ಚಿಕ್ಕಪ್ಪನ ಮಗ ಇವತ್ತಿಗೂ ಛೇಡಿಸುತ್ತಾನೆ, "ಬಚ್ಚಲಿಗೆ ಹೆಂಚು ಕೂರಿಸೋನಿಗೂ ದಿನಗೂಲಿ ಅಂತ ಸಿಗುತ್ತೆ, ನಿನಗೇನೇ ಸಿಗುತ್ತೆ?" ಅಂಥ ನನ್ನ ಚಿತ್ರದಲ್ಲಿ ಮೊದಲ ಬಾರಿಗೆ ಒಬ್ಬರು ಊರನ್ನು ಕಂಡರು. ಇಡೀ ಹಜಾರ ನನ್ನನ್ನು ನೋಡಿತು. ನನಗೆ ಹಿತವಾಯಿತು ಅಕ್ಕ. ಅದಕ್ಕೇ ಹೌದೆಂದೆ. ನನಗೆ ಊರಿನ ಒಂದು ಕಲ್ಲೂ ನೆನಪಿಲ್ಲ ಎನ್ನುವುದು ನಿನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ.

ಈಗ ಆದದ್ದು ಕೇಳು, ಅಲ್ಲಿದ್ದವರು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಹಾಜಿಯ ಮೊಮ್ಮಗ ಘಾಲಿಬ್ ಮತ್ತು ನಾಯಿಫನ ಮಗಳು ಶುರೂಕ್ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದಾರೆ. ಆ ಎರಡು ಮನೆಗಳಿಗೆ ಮೊದಲಿನಿಂದಲೂ ಆಗಿಬರುವುದಿಲ್ಲ, ಊರಿನಲ್ಲಿ ಯಾವುದೋ ಪಟ್ಟಿ ಜಮೀನಿನ ಜಗಳವಂತೆ. ಮಕ್ಕಳ ದೆಸೆಯಿಂದ ಹಿರಿಯರು ಮೆತ್ತಗಾಗಿ, ನಿನ್ನೆ ಶುಕ್ರವಾರ ಹಾಜಿ ತಮ್ಮವರನ್ನೆಲ್ಲ ಕಟ್ಟಿಕೊಂಡು ಹೆಣ್ಣು ಕೇಳಲು ಮದಾಫಕ್ಕೆ ಬಂದರು. ಕಾಫಿ ಬಂತು. ಹಾಜಿ ಪದ್ಧತಿಯಂತೆ ಬಟ್ಟಲನ್ನು ಮುಂದಿಟ್ಟು, ನಮ್ಮ ಕೋರಿಕೆ ನಡೆಸಿಕೊಡುವ ತನಕ ಇದನ್ನು ಮುಟ್ಟುವುದಿಲ್ಲ ಎಂದರು. ನಾಯಿಫ್ ಎದ್ದ. ಎದೆಯ ಮೇಲೆ ಕೈಯಿಟ್ಟುಕೊಂಡು, "ಕುಡೀರಿ ಹಾಜಿ, ಹುಡುಗಿ ನಿಮ್ಮೋಳು" ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಗೋಡೆ ಕಡೆ ಕೈ ತೋರಿಸಿ ನಗುತ್ತ, "ಆ ಹಳದಿ ಪಟ್ಟಿ ಮಾತ್ರ ನಮ್ದೇ!" ಎಂದ.

ತಮಾಷೆಗೆ ಅಂದದ್ದು. ಕೆಲವರು ನಕ್ಕರು ಕೂಡ. ಹಾಜಿ ನಗಲಿಲ್ಲ.

"ಯಾವ ಪಟ್ಟಿ ನಿಮ್ದು?"

"ಅಯ್ಯೋ, ತಮಾಷೆ ಹಾಜಿ."

"ನಿಮ್ಮಪ್ಪನೂ ಇದನ್ನೇ ಅಂತಿದ್ದ. ಅವನು ತಮಾಷೆಗೆ ಅಂತಿರಲಿಲ್ಲ."

"ನಮ್ಮಪ್ಪನ ಸುದ್ದಿ ಬೇಡ" ಎಂದ ನಾಯಿಫ್. ಅವನ ದನಿಯೂ ಬದಲಾಯಿತು. "ಸಾಯೋವಾಗ ನನ್ನ ಕೈ ಹಿಡ್ಕೊಂಡು ಹೇಳಿದ್ರು, ಆ ಮನೆಯವರಿಗೆ ಒಂದು ಹಿಡಿ ಮಣ್ಣೂ ಬಿಟ್ಕೊಡಬೇಡ ಅಂತ. ನಾನು ಮಗಳನ್ನೇ ಕೊಡ್ತಿದೀನಿ. ಇನ್ನೇನು ಬೇಕು ನಿಮಗೆ?"

ಆಮೇಲೆ ಇಬ್ಬರೂ ಚಿತ್ರದ ಮುಂದೆ ನಿಂತು, ಅಳತೆಗೋಲು ಹಿಡಿದ ಅಮೀನರ ಹಾಗೆ ವಾದ ಮಾಡಿದರು. ಪಟ್ಟಿ ಹಾಜಿಯ ಗೋಡೆಗೆ ತಾಗಿದೆಯೋ ಇವರ ಗೋಡೆಗೋ. ಆ ನೆಲವನ್ನು ಅವರಿಬ್ಬರೂ ನಲವತ್ತು ವರ್ಷದಿಂದ ಕಣ್ಣಲ್ಲಿ ಕಂಡಿಲ್ಲ. ಕಾಫಿ ಆರಿತು. ಹಾಜಿ ಬಟ್ಟಲು ಮುಟ್ಟದೆ ಎದ್ದು ಹೊರಟರು. ಹೆಣ್ಣು ಕೇಳಲು ಬಂದವರು ಕಾಫಿ ಬಿಟ್ಟು ಹೋದರೆಂದರೆ ಏನರ್ಥ ಎಂದು ನಿನಗೆ ಹೇಳಬೇಕಾಗಿಲ್ಲ. ಬಾಗಿಲಲ್ಲಿ ನಿಂತು ಹಾಜಿ ಹೇಳಿದರಂತೆ, "ಕಂಡೋಳು ಇನ್ಸಾಫ್. ಕೂಸಿನ ಕಣ್ಣು ಸುಳ್ಳು ಹೇಳಲ್ಲ. ಅವಳೇ ಬಂದು ಎಲ್ಲರ ಮುಂದೆ ಹೇಳ್ಲಿ, ಪಟ್ಟಿ ಯಾರದು ಅಂತ." ಏಪ್ರಿಲ್ ಹತ್ತರ ಶುಕ್ರವಾರ ನಾನು ಹೋಗಿ ಸಾಕ್ಷಿ ನುಡಿಯಬೇಕಂತೆ.

ಈ ಬೆಳಿಗ್ಗೆ ಶುರೂಕ್ ಬಂದಿದ್ದಳು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಮಾತಿನಲ್ಲಿ ಚುರುಕು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದಿಷ್ಟು ಬಿಳಿ ತಗೊಂಡು ಹೋಗಿ ಆ ಪಟ್ಟಿ ಮೇಲೆ ಬಳಿದುಬಿಡಿ. ಐದು ನಿಮಿಷದ ಕೆಲಸ" ಎಂದಳು. ನನಗೆ ಮೊದಲು ಹೊಳೆದದ್ದು ಏನು ಗೊತ್ತೇ? ಬಳಿದರೆ ಚಿತ್ರ ಕೆಡುತ್ತದೆ ಎಂದು. ಹುಡುಗಿಯ ಬಾಳು ಕೆಡುತ್ತಿದೆ ಎನ್ನುವುದು ಎರಡನೆಯದಾಗಿ ಹೊಳೆಯಿತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ, ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಊರು ಬಿಟ್ಟಾಗ ನಿನಗೆ ಎಂಟು ವರ್ಷ. ನೀನು ಎಲ್ಲವನ್ನೂ ಕಂಡವಳು. ಆ ಎರಡು ಮನೆಗಳ ನಡುವೆ ಏನಿತ್ತು? ಬೇಗ ಬರೆ.

ಬೈಗುಳಕ್ಕೆ ಸಿದ್ಧಳಾಗಿರುವ ನಿನ್ನ ತಂಗಿ,
ಇನ್ಸಾಫ್

*

ಇರ್ಬಿದ್ ಶಿಬಿರ
ಏಪ್ರಿಲ್ ೩, ೧೯೮೭

ಬುದ್ಧಿ ಬಾರದ ನನ್ನ ಬಂಗಾರಕ್ಕೆ,

ಅಕ್ಕನ ಆಶೀರ್ವಾದ. ಬಯ್ಯುವುದನ್ನು ಮೊದಲೇ ಮುಗಿಸುತ್ತೇನೆ. ಬಗ್ದಾದಿನಲ್ಲಿ ಓದಿದೆ, ರೋಮಿಗೆ ಹೋಗಿ ಬಂದೆ, ಒಂದು ಸಾಲು "ಗೊತ್ತಿಲ್ಲ" ಎನ್ನುವುದನ್ನು ಮಾತ್ರ ಎಲ್ಲೂ ಕಲಿಯಲಿಲ್ಲ. ಭಾವ ನಿನ್ನ ಕಾಗದ ಓದಿಸಿಕೊಂಡು ಬಿದ್ದು ಬಿದ್ದು ನಕ್ಕರು. ಬಿಳಿ ಬಣ್ಣ ಮುಗಿದದ್ದಕ್ಕೆ ಇಷ್ಟು ರಂಪ ಆಗಬೇಕಾದರೆ, ಎಲ್ಲ ಬಣ್ಣವೂ ಮುಗಿದಿದ್ದರೆ ಯುದ್ಧವೇ ಆಗುತ್ತಿತ್ತು ಎಂದರು. ಅವರು ನಕ್ಕರು, ನನಗೆ ನಗು ಬರಲಿಲ್ಲ. ಉಳಿದ ಕಾಗದವನ್ನು ಅವರು ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನಮ್ಮ ಕಣ ಗುಂಡಗೇ ಇತ್ತು. ನಾನು ಅದರ ಸುತ್ತ ಓಡಿದ್ದೇನೆ. ಎರಡನೆಯದಾಗಿ, ಆ ಎರಡು ಮನೆಗಳ ನಡುವೆ ಯಾವ ಪಟ್ಟಿಯೂ ಇರಲಿಲ್ಲ. ಅವು ಅಕ್ಕಪಕ್ಕದ ಮನೆಗಳೇ ಅಲ್ಲ. ಹಾಜಿ ದೀಬರದು ಮೇಲೆ, ಹಿಪ್ಪುನೇರಳೆ ಮರದ ಹತ್ತಿರ. ಉಮ್ಮು ನಾಯಿಫರದು ಕೆಳಗೆ, ಬೀಸುವ ಗಿರಣಿಯ ಪಕ್ಕ. ನಡುವೆ ಅರ್ಧ ಊರಿತ್ತು. ಊರಿನಲ್ಲಿ ಅವರು ಜಗಳವಾಡಿದ್ದನ್ನು ನಾನು ಕಂಡೇ ಇಲ್ಲ, ಜಗಳವಾಡುವಷ್ಟು ಹತ್ತಿರವೇ ಇರಲಿಲ್ಲ.

ಪಟ್ಟಿ ಇದ್ದದ್ದು ಇಲ್ಲಿ, ಊರು ಬಿಟ್ಟು ಬಂದ ಮೇಲೆ ಈ ಶಿಬಿರದಲ್ಲಿ. ಡೇರೆಗಳ ಕಾಲದಲ್ಲಿ. ಆ ದೊಡ್ಡ ಹಿಮ ಬಿದ್ದ ಚಳಿಗಾಲ ನಿನಗೆ ನೆನಪಿರಲಾರದು, ಆಗ ನಿನಗೆ ಐದೋ ಆರೋ. ಮೇಲುಗಡೆ ನಮ್ಮ ಡೇರೆ, ಅದಕ್ಕೆ ತಾಗಿ ಹಾಜಿಯ ಡೇರೆ. ಕೆಳಗೆ ಉಮ್ಮು ನಾಯಿಫರ ಡೇರೆ. ನಡುವೆ ಹಳದಿ ಕೆಸರಿನ ಒಂದು ಪಟ್ಟಿ, ಹೆಂಗಸರು ಬಟ್ಟೆ ಒಣಹಾಕುವ ಜಾಗ. ಹಿಮ ಕರಗುತ್ತಿದ್ದ ಹಾಗೆಯೇ ಮಳೆ ಹಿಡಿಯಿತು. ಗುಡ್ಡದ ನೀರೆಲ್ಲ ನಮ್ಮ ಡೇರೆಗೆ ನುಗ್ಗುತ್ತಿತ್ತು. ಅಪ್ಪ ಕಲ್ಲುಗಣಿಯ ಕೆಲಸ ಹುಡುಕಿಕೊಂಡು ಹೋಗಿದ್ದರು. ನೀನು ಜ್ವರದಲ್ಲಿ ಬಡಬಡಿಸುತ್ತಿದ್ದೆ, ನಿನ್ನ ಹಾಸಿಗೆಯ ಅಂಚು ಆಗಲೇ ನೆಂದಿತ್ತು. ಬೆಳಕು ಹರಿಯುವ ಮೊದಲು ಅಮ್ಮ ಹೊರಗೆ ಹೋಗಿ ಕೆಸರಿನಲ್ಲಿ ಒಂದು ಕಾಲುವೆ ತೋಡಿದಳು. ನೀರು ನಮ್ಮನ್ನು ಬಿಟ್ಟು ಅತ್ತ ತಿರುಗಿತು. ಅತ್ತ ಎಂದರೆ ಎಲ್ಲಿಗೆಂದು ಆ ಹೊತ್ತಿನಲ್ಲಿ ಯಾರು ಯೋಚಿಸುತ್ತಾರೆ?

ಉಮ್ಮು ನಾಯಿಫರಿಗೆ ನಲವತ್ತು ದಿನದ ಹೆಣ್ಣು ಕೂಸಿತ್ತು, ಸಹರ್ ಎಂದು. ನೀರು ನೆಲಕ್ಕೆ ಹಾಸಿದ್ದ ಚಾಪೆಯ ಕೆಳಗೇ ಬಂತು. ಕೂಸು ನೆಂದು ತಣ್ಣಗಾಗಿತ್ತು. ಎರಡು ದಿನ ಇತ್ತು, ಹೋಯಿತು.

ಗಂಡ ಮುಸ್ಲಿಹ್ ಡೇರೆಯ ಗೂಟ ಕಿತ್ತುಕೊಂಡು ಹಾಜಿಯ ಮೇಲೆ ಹೋದ, ನಿನ್ನ ಕಡೆಯಿಂದಲೇ ನೀರು ಬಂದದ್ದು, ನೀನೇ ತೋಡಿದ್ದು ಎಂದು. ಹಾಜಿ ಖುರಾನಿನ ಮೇಲೆ ಆಣೆಯಿಟ್ಟು ಹೇಳಿದರು, ನಾನಲ್ಲ ಎಂದು. ಯಾರೂ ನಂಬಲಿಲ್ಲ. ಅಮ್ಮ ಬಾಯಿ ಬಿಡಲಿಲ್ಲ. ಸಾಯುವ ತನಕ ಬಿಡಲಿಲ್ಲ, ನಾನೂ ಬಿಡಲಿಲ್ಲ. ಆ ಚಳಿಗಾಲ ಶಿಬಿರದಲ್ಲಿ ಕೂಸುಗಳು ಹೋಗದ ಡೇರೆಯೇ ಇರಲಿಲ್ಲ, ಹಾಗಾಗಿ ಕೂಸಿನ ಹೆಸರು ಹೇಳಿ ಜಗಳವಾಡಲು ಗಂಡಸರಿಗೆ ಸಂಕೋಚ. ಜಾಗದ ಹೆಸರು ಹಿಡಿದು ಆಡಿದರು. ಈ ಪಟ್ಟಿ ನನ್ನದು, ನಿನ್ನ ಡೇರೆಯ ಹಗ್ಗ ಈಚೆ ಬಂದಿದೆ, ಇತ್ಯಾದಿ. ವರ್ಷಗಟ್ಟಲೆ ಚಹಾದಂಗಡಿಯಲ್ಲಿ ಅದನ್ನೇ ಆಡಿ ಆಡಿ, ಡೇರೆಗಳು ಹೋಗಿ ಗೋಡೆಗಳು ಬಂದ ಮೇಲೂ ಆಡಿ, ಕೊನೆಗೆ ಅದು ಊರಿನ ಜಮೀನೇ ಆಯಿತು. ಆ ಜಗಳ ಊರಿಗೆ ವಾಪಸ್ಸು ನಡೆದುಕೊಂಡು ಹೋಗಿದೆ ನೋಡು. ನಮಗ್ಯಾರಿಗೂ ಆಗದ್ದು ಅದಕ್ಕೆ ಆಯಿತು.

ಇಷ್ಟು ಸಾಕು. ಶುಕ್ರವಾರ ಹೋಗಿ, ನಾನು ಚಿಕ್ಕವಳು, ನನಗೇನೂ ನೆನಪಿಲ್ಲ ಎಂದು ಹೇಳಿ ಬಾ. ಕಾಲುವೆಯ ಮಾತು ಎತ್ತಬೇಡ. ಸತ್ತವಳ ಹೆಸರು ಕೆಡಿಸಿ ನಿನಗೇನು ಬರಬೇಕು?

ನಿನ್ನ ಹಿತ ಬಯಸುವ ಅಕ್ಕ,
ಬದ್ರಿಯೆ

ಮರೆತ ಮಾತು: ಮದುವೆ ನಡೆದರೂ ನನ್ನನ್ನು ಕರೆಯುವುದು ಬೇಡ. ಮಂಡಿಗೆ ಮೆಟ್ಟಿಲು ಆಗುವುದಿಲ್ಲ.

*

ಲುವೈಬ್ದೆ ಗುಡ್ಡ
ಶನಿವಾರ, ಏಪ್ರಿಲ್ ೧೧, ೧೯೮೭

ಪ್ರೀತಿಯ ಅಕ್ಕ,

ಸಿಟ್ಟು ಮಾಡಿಕೊಳ್ಳಬೇಡ. ನೀನು ಬೇಡವೆಂದದ್ದನ್ನೇ ಮಾಡಿ ಬಂದಿದ್ದೇನೆ.

ನಿನ್ನ ಕಾಗದ ಓದಿ ಎರಡು ದಿನ ಮನೆಯಿಂದ ಹೊರಗೆ ಹೋಗಲಿಲ್ಲ. ನೀನು ಹೇಳಿದ ಹಾಗೆ, ನೆನಪಿಲ್ಲ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆಗ ಹಾಜಿ ಹೊತ್ತ ಕಳಂಕ ಹಾಗೇ ಉಳಿಯುತ್ತಿತ್ತು, ನಾಯಿಫ್ ಅಪ್ಪನಿಗೆ ಕೊಟ್ಟ ಮಾತು ಹಿಡಿದು ಕೂರುತ್ತಿದ್ದ, ಆ ಇಬ್ಬರು ಮಕ್ಕಳು ಬೇರೆ ಬೇರೆ ಕಡೆ ಮುಖ ಮಾಡಿಕೊಂಡು ಬಾಳಬೇಕಿತ್ತು. ಅದೆಲ್ಲ ಯಾಕಾಗಿ? ಆ ಬೆಳಿಗ್ಗೆ ನನ್ನ ಹಾಸಿಗೆ ನೆನೆಯಬಾರದೆಂದು. ನನಗೆ ನೆನಪೇ ಇಲ್ಲದ ಒಂದು ದಿನದ ಋಣವನ್ನು ಇನ್ನೊಬ್ಬರು ಇಷ್ಟು ವರ್ಷ ತೀರಿಸಿದ್ದಾರೆ. ನಾನು ಬದುಕಿ, ಬಣ್ಣ ಕಲಸಿ, ಚೌಕಗಳನ್ನು ಬರೆದುಕೊಂಡು, ಪತ್ರಿಕೆಯವರಿಗೆ ದೇಶಭ್ರಷ್ಟರ ನೋವಿನ ಬಗ್ಗೆ ಉದ್ದುದ್ದ ಮಾತಾಡಿಕೊಂಡಿದ್ದೇನೆ. ಬಿಳಿ ಮುಗಿದದ್ದರಿಂದಲೇ ಹಳದಿ ಉಳಿಯಿತು ಎಂದು ನಿನಗೆ ಬರೆದಿದ್ದೆ. ಈಗ ಆ ಚಿತ್ರ ನೋಡಿದರೆ ಅದು ಕೆಸರಾಗಿಯೇ ಕಾಣುತ್ತದೆ, ನನಗೂ.

ಗುರುವಾರ ಮಧ್ಯಾಹ್ನ ಉಮ್ಮು ನಾಯಿಫರ ಮನೆಗೆ ಹೋದೆ. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದರು. ನನ್ನನ್ನು ನೋಡಿ, "ಬಾರಮ್ಮ ಸಾಕ್ಷಿದಾರಳೇ, ಕೈ ತೊಳ್ಕೊಂಡು ಬಂದು ಕೂತ್ಕೋ. ಬಣ್ಣದ ಕೈಲಿ ಎಲೆ ಮುಟ್ಟಬೇಡ" ಎಂದರು. ನಾನೂ ನಾಲ್ಕು ಎಲೆ ಸುತ್ತಿದೆ. ನನ್ನವು ಚೌಕವಾಗಿ ಬಂದವೆಂದು ಆಡಿಕೊಂಡರು. ಆ ನಗುವಿನ ನಡುವೆಯೇ ಹೇಳಿಬಿಟ್ಟೆ, ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. "ಚಿಕ್ಕಮ್ಮ, ಆ ಕಾಲುವೆ ಹಾಜಿ ತೋಡಿದ್ದಲ್ಲ. ನಮ್ಮಮ್ಮ ತೋಡಿದ್ದು. ನನಗಾಗಿ."

ಅವರ ಕೈ ನಿಲ್ಲಲಿಲ್ಲ. ಆ ಎಲೆಯನ್ನು ಪೂರ್ತಿ ಸುತ್ತಿ, ಪಾತ್ರೆಯೊಳಗಿಟ್ಟು, ಆಮೇಲೆ ಕೇಳಿದರು.

"ಯಾರು ಹೇಳಿದ್ದು ನಿಂಗೆ?"

"ಅಕ್ಕ."

"ಬದ್ರಿಯೆ ಹಂಗಂತ ಬರೆದ್ಲಾ? ಅಮ್ಮ ತೋಡಿದ್ದು ಅಂತ?"

"ಹೂಂ."

ಇನ್ನೊಂದು ಎಲೆ ತೆಗೆದುಕೊಂಡರು. "ಸರಿ ಹಂಗಾದ್ರೆ" ಎಂದರು. ಅದನ್ನೂ ಸುತ್ತಿಟ್ಟು, "ನಾಳೆ ನಾನೂ ಬರ್ತೀನಿ ಅಲ್ಲಿಗೆ" ಎಂದರು.

"ಅಲ್ಲಿ ಗಂಡಸರ ಸಭೆ ಚಿಕ್ಕಮ್ಮ."

"ನಾವು ಹೆತ್ತ ಗಂಡಸರೇ ತಾನೇ? ನೋಡಿದ ಮುಖಗಳೇ."

ನಿನ್ನೆ ಮದಾಫದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿತ್ರದ ಒಂದು ಕಡೆ ಹಾಜಿಯ ಕಡೆಯವರು, ಇನ್ನೊಂದು ಕಡೆ ನಾಯಿಫನ ಕಡೆಯವರು. ಘಾಲಿಬ್ ಕಂಬಕ್ಕೊರಗಿ ನೆಲ ನೋಡುತ್ತ ನಿಂತಿದ್ದ. ನನ್ನನ್ನು ಚಿತ್ರದ ಮುಂದೆ ನಿಲ್ಲಿಸಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ನನಗೆ ಊರು ನೆನಪಿಲ್ಲ, ಇದು ಕಣವಲ್ಲ, ಮಸೀದಿಯಲ್ಲ, ಅಂದು ಹಾಜಿಯ ಮುಂದೆ ಸುಳ್ಳು ಹೇಳಿದೆ, ಈ ಪಟ್ಟಿ ಉಳಿದದ್ದು ಬಿಳಿ ಬಣ್ಣ ಮುಗಿದದ್ದಕ್ಕೆ.

ಯಾರೂ ನಂಬಲಿಲ್ಲ ಅಕ್ಕ! ಒಬ್ಬ, "ಪಾಪ, ಯಾರಿಗೂ ಬೇಜಾರಾಗಬಾರದು ಅಂತ ಹಂಗಂತಿದಾಳೆ" ಎಂದ. ಇನ್ನೊಬ್ಬ, "ಹೆದರಿಸಿದಾರೆ ಕಣ್ರೀ ಅವಳನ್ನ" ಎಂದ. ಹಾಜಿ ಕೋಲು ಕುಟ್ಟಿ, "ಬಣ್ಣ ಮುಗಿದಿದ್ರೆ ಅಂಗಡಿಗೆ ಹೋಗಬೇಕಾಗಿತ್ತು. ನಾನೇನು ಮಗು ಅಂದ್ಕೊಂಡ್ಯಾ?" ಎಂದರು. ನಲವತ್ತಮೂರು ವರ್ಷಕ್ಕೆ ನಾನು ಒಂದು ಸತ್ಯ ಹೇಳಿದರೆ ಅದಕ್ಕೆ ಸಿಕ್ಕ ಬೆಲೆ ಇದು.

ಆಗ ಬಾಗಿಲ ಹತ್ತಿರ ಗುಸುಗುಸು ಎದ್ದಿತು. ಉಮ್ಮು ನಾಯಿಫ್ ಬಿಳಿ ಮುಸುಕು ಹೊದ್ದು ಒಳಗೆ ಬಂದರು. ನಾಯಿಫ್, "ಅಮ್ಮ, ನೀನ್ಯಾಕೆ ಇಲ್ಲಿ" ಎಂದು ಎದ್ದರೆ, "ಕೂತ್ಕೊಳೋ" ಎಂದರು. ಕೂತ. ಅವರು ನೇರ ಹಾಜಿಯ ಮುಂದೆ ಹೋಗಿ ನಿಂತರು.

"ಹಾಜಿ, ಆ ಪಟ್ಟಿ ಊರಲ್ಲಿರಲಿಲ್ಲ. ಡೇರೆಗಳ ಮಧ್ಯೆ ಇದ್ದದ್ದು. ನೀವು ಮರೆತಿದೀರಿ, ಇಲ್ಲಾ ಮರೆಯೋಣ ಅಂದ್ಕೊಂಡಿದೀರಿ."

ಹಾಜಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನನ್ನ ಸಹರ್ ಹೋದ್ಲಲ್ಲ, ಆ ಪಟ್ಟಿ. ಕಾಲುವೆ ನೀವು ತೋಡ್ಲಿಲ್ಲ. ನನಗೆ ಅವತ್ತೇ ಗೊತ್ತಿತ್ತು."

ಹಾಜಿ ಹೇಳಿದರು, "ಖುರಾನ್ ಮುಟ್ಟಿ ಹೇಳಿದ್ದೆ ನಾನು. ನಿನ್ನ ಗಂಡ ನಂಬಲಿಲ್ಲ."

"ನಂಬೋಕೆ ಅವರಿಗೆ ಆಗ್ಲಿಲ್ಲ ಹಾಜಿ. ಯಾರನ್ನಾದ್ರೂ ಬಯ್ಯಬೇಕಿತ್ತಲ್ಲ. ಪಕ್ಕದಲ್ಲಿ ನೀವಿದ್ರಿ."

"ಮತ್ತೆ ತೋಡಿದ್ದು ಯಾರು?"

ಉಮ್ಮು ನಾಯಿಫ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನೀರು" ಎಂದರು. "ನೀರಿಗೆ ದಾರಿ ಮಾಡ್ಕೊಳೋಕೆ ಗುದ್ದಲಿ ಬೇಕಾ? ನಾಯಿಫ್, ನಿಮ್ಮಪ್ಪ ನಿನ್ನ ಕೈಲಿ ತಗೊಂಡ ಮಾತನ್ನ ನಾನು ಬಿಡಿಸ್ತಿದೀನಿ. ನನಗೂ ಅಷ್ಟು ಹಕ್ಕಿದೆ, ಕೂಸು ನಂದು. ಹೋಗು, ಬಿಸಿ ಕಾಫಿ ತರ್ಸು."

ಕಾಫಿ ಬಂತು. ಹಾಜಿ ಬಟ್ಟಲೆತ್ತುವಾಗ ಅರ್ಧ ಅಂಗಿಗೆ ಚೆಲ್ಲಿತು. ಉಳಿದರ್ಧ ಕುಡಿದರು. ಹೆಂಗಸರ ಕೋಣೆಯಿಂದ ಸಂತಸದ ಉಲುಲು ದನಿ ಎದ್ದಿತು. ರಂಜಾನ್ ಕಳೆದು, ಈದ್ ಮುಗಿದ ವಾರ ಮದುವೆ. ಶುರೂಕ್ ಓಡಿ ಬಂದು ನನ್ನನ್ನು ತಬ್ಬಿಕೊಂಡಳು, ನಾನೇ ಏನೋ ದೊಡ್ಡದು ಮಾಡಿದವಳ ಹಾಗೆ. ಎಲ್ಲರೂ ನನ್ನ ತಲೆ ಮುಟ್ಟಿ ಹರಸಿದರು. ನಾನು ಸುಮ್ಮನೆ ಹರಸಿಸಿಕೊಂಡೆ. ಕದ್ದ ಬಟ್ಟೆ ಉಟ್ಟು ಮದುವೆಮನೆಯಲ್ಲಿ ಕೂತವಳ ಸ್ಥಿತಿ ನನ್ನದು.

ಜನ ಚದುರಿದ ಮೇಲೆ ಹಾಜಿ ಮತ್ತೆ ಚಿತ್ರದ ಮುಂದೆ ನಿಂತಿದ್ದರು. ಪಕ್ಕಕ್ಕೆ ಹೋದೆ. "ಹಂಗಾದ್ರೆ ಮಗಾ, ಇದು ಊರಲ್ಲ" ಎಂದರು.

"ಅಲ್ಲ ಹಾಜಿ."

"ನಮ್ಮ ಕಣ ಇಲ್ಲಿಲ್ಲ."

"ಇಲ್ಲ."

"ಅದು ಗುಂಡಗಿತ್ತು. ಈಗ ನೆನಪಾಯ್ತು." ಚಿತ್ರದ ಅಂಚನ್ನು ಬೆರಳಲ್ಲಿ ಸವರಿ, "ನಾನು ದಿನಾ ಬಂದು ನೋಡ್ತಿದ್ದೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಳ್ಳಾಡಿ ಅವರಿಗೊಂದು ಊರು ಕೊಟ್ಟಿದ್ದೆ, ನಿಜ ಹೇಳಿ ಕಿತ್ತುಕೊಂಡೆ. ಗುಂಡಗೆ ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ. ಇಪ್ಪತ್ತು ವರ್ಷದಲ್ಲಿ ಒಂದು ವೃತ್ತವನ್ನೂ ಬರೆಯದವಳು! ಕಣ ಎಷ್ಟು ಅಗಲವಿತ್ತು, ಯಾವ ಬಣ್ಣದ ಕಲ್ಲು, ಯಾವ ಬದಿಗೆ ಇಳಿಜಾರು, ಎಲ್ಲವನ್ನೂ ನೀನೇ ಹೇಳಬೇಕು. ಕಾಗದದಲ್ಲಿ ಬೇಡ, ಬಂದು ಹೇಳು.

ನಿನ್ನ ಋಣದಲ್ಲೂ ಇರುವ ತಂಗಿ,
ಇನ್ಸಾಫ್

ಕೊನೆಯ ಮಾತು: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಗುರುವಾರ ನಾನು ಹೊರಟಾಗ ಉಮ್ಮು ನಾಯಿಫ್ ಬಾಗಿಲವರೆಗೂ ಬಂದು ತೋಳು ಹಿಡಿದು ನಿಲ್ಲಿಸಿದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಿಮ್ಮಮ್ಮ ಆ ವಾರವೆಲ್ಲ ಹಾಸಿಗೆ ಬಿಟ್ಟು ಎದ್ದಿರಲಿಲ್ಲ ಕಣಮ್ಮ, ಅವಳಿಗೂ ಜ್ವರ. ಹಾಲಿನ ಡಬ್ಬದ ಮುಚ್ಚಳ ಹಿಡ್ಕೊಂಡು ಕೆಸರು ತೋಡ್ತಿದ್ದೋಳು ಹತ್ತು ವರ್ಷದ ಒಂದು ಹುಡುಗಿ. ಚಳಿಗೆ ಅಳ್ತಾ ತೋಡ್ತಿದ್ಲು. ನೀರು ಯಾವ ಕಡೆ ತಿರುಗುತ್ತೆ ಅಂತ ಅದಕ್ಕೇನು ಗೊತ್ತು? ನನಗೆ ಗೊತ್ತಾಯ್ತು. ಡೇರೆ ಸೀಳಿನಿಂದ ನೋಡ್ತಾನೇ ಇದ್ದೆ. ಎದ್ದು ಹೋಗಿ ತಡೀಬೇಕು ಅಂದ್ಕೊಂಡೆ. ಕಂಬಳಿ ಒಳಗೆ ಬೆಚ್ಚಗಿತ್ತು, ಇನ್ನೊಂದು ಗಳಿಗೆ ಬಿಟ್ಟು ಏಳೋಣ ಅಂದ್ಕೊಂಡೆ. ನಿದ್ದೆ ಹತ್ತಿಬಿಡ್ತು. ಇದನ್ನ ನಾಯಿಫನ ಅಪ್ಪನಿಗೂ ನಾನು ಹೇಳಿಲ್ಲ. ಬದ್ರಿಯೆಗೆ ಬರಿ, ಅವಳಿಗೊಬ್ಬಳಿಗೆ. ಮದುವೆಗೆ ಬಂದು ನನ್ನ ಪಕ್ಕ ಕೂತ್ಕೊಳ್ಲಿ."